ಹನ್ನೆರಡು ಒತ್ತಿದರೆ ಹನ್ನೆರಡೇ!

ಯಾರೊಂದಿಗೂ ಒಂದು ಮಾತನ್ನೂ ಆಡದೆ ಮಾಡಿ ಮುಗಿಸಬಹುದಾದ ಮಹಾಕಾರ್ಯವೊಂದನ್ನು ನಾನು ಕಂಡುಹಿಡಿದಿದ್ದೆ! ಮಾವನ ಚಹಾದಂಗಡಿಯ ಮೂಲೆಯಲ್ಲಿರುವ, ನಂಬರ್ ಒತ್ತಿದರೆ ಹಾಡುವ ಹಳೆಯ ಪೆಟ್ಟಿಗೆ ಜೂಕ್‌ಬಾಕ್ಸನ್ನು ರಿಪೇರಿ ಮಾಡುವುದು. “ಇದನ್ನು ಸರಿಮಾಡುವವರೆಗೆ ಈ ಮನೆಯ ಚಹಾ ಮುಟ್ಟುವುದಿಲ್ಲ” ಎಂದು ಘೋರ ಪ್ರತಿಜ್ಞೆಯನ್ನೂ ಮಾಡಿದೆ. ನನ್ನೆದುರಿಗೆ ನಾನೇ ಮಾಡಿದೆ. ಬೇರೆ ಯಾರೂ ಎದುರಿಗಿರಲಿಲ್ಲ.

ಪ್ರತಿಜ್ಞೆಗೆ ಕಾರಣ ನಮ್ಮ ಅತ್ತೆ. ಶಾಲೆ ಬಿಟ್ಟು ಮಾವನ ಮನೆ ಸೇರಿದವನು ನಾನು. ಕೆಳಗೆ ಅಂಗಡಿ, ಮೇಲೆ ಮನೆ. ಗಿರಾಕಿಗಳ ಮುಂದೆ ನಿಂತು “ಏನು ಬೇಕು?” ಎಂದು ಕೇಳಬೇಕೆಂದರೆ ನನ್ನ ನಾಲಿಗೆ ಬಾಯೊಳಗೇ ಮುದುಡಿಕೊಂಡು ಮಲಗಿಬಿಡುತ್ತದೆ. ಅದಕ್ಕೇ ಹಿಂಬದಿಯ ತೊಟ್ಟಿಯ ಬಳಿ ಕುಳಿತು ಲೋಟ ತೊಳೆಯುತ್ತೇನೆ. ಒಂದು ದಿನ ಮೆಟ್ಟಿಲಿಳಿಯುವಾಗ ಅತ್ತೆಯ ಮಾತು ಕಿವಿಗೆ ಬಿತ್ತು.

“ರೀ, ಲೋಟ ತೊಳೆಯೋಕೆ ನನಗೂ ಎರಡು ಕೈ ಇದಾವೆ. ಬೇರೆ ಏನಾದ್ರೂ ಉಪಯೋಗಕ್ಕೆ ಬಂದ್ರೆ ಇರ್ಲಿ. ಇಲ್ದಿದ್ರೆ ನಿಮ್ಮಕ್ಕನ ಹತ್ರ ವಾಪಸ್ ಕಳಿಸಿ.”

“ಪಾಪ ಕಣೇ, ಸಾಧು ಹುಡುಗ.”

“ಸಾಧು ಏನ್ರೀ! ಗೋಡೆಗೂ ಇವನಿಗೂ ಇರೋ ವ್ಯತ್ಯಾಸ ಸುಣ್ಣ ಒಂದೇ!”

ವಾಪಸ್ ಹೋಗುವುದು ನನಗೆ ಬೇಡವೇ ಬೇಡ. ಅಮ್ಮ ಬೆಳಗ್ಗೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಒಂದು ಗಡಿಯಾರ. ಜೊತೆಯಲ್ಲಿ ಓದಿದವರು ಕಿಟಕಿಯ ಮುಂದೆಯೇ ನಗುತ್ತಾ ಶಾಲೆಗೆ ಹೋಗುತ್ತಾರೆ. ಮಾವನ ಅಂಗಡಿಯಲ್ಲಾದರೆ ಬೇರೆಯವರ ನಗೆಯಾದರೂ ತೊಟ್ಟಿಯವರೆಗೆ ಬರುತ್ತದೆ. ಅದು ನನಗಾಗಿ ಬಂದದ್ದಲ್ಲ, ಆದರೂ ಬರುತ್ತದೆ.

ಜೂಕ್‌ಬಾಕ್ಸಿನ ಕಾಯಿಲೆ ನನಗೆ ಗೊತ್ತಿತ್ತು. ಅಂಗಡಿಗೆ ರಜೆಯಿದ್ದ ದಿನ ಒಬ್ಬನೇ ಕುಳಿತು ಹಾಡು ಹಾಕಿಕೊಳ್ಳುತ್ತಿದ್ದೆನಲ್ಲ! ಹನ್ನೆರಡು ಒತ್ತಿದರೆ ಹದಿಮೂರನೆಯ ಹಾಡು, ಹದಿಮೂರು ಒತ್ತಿದರೆ ಹದಿನಾಲ್ಕನೆಯದು. ಪೆಟ್ಟಿಗೆಗೆ ಅಂಟಿಸಿದ ಹಾಡುಗಳ ಚೀಟಿಯಲ್ಲಿ ಬರೆದದ್ದೊಂದು, ಕಿವಿಗೆ ಕೇಳುವುದೊಂದು. ಇಂಥ ಅನ್ಯಾಯವನ್ನು ಇಡೀ ಅಂಗಡಿ ಹೇಗೆ ಸಹಿಸಿಕೊಂಡಿದೆ? ಕೇಳಬಹುದಿತ್ತು. ಆದರೆ ಕೇಳಬೇಕೆಂದರೆ ಮಾತಾಡಬೇಕಲ್ಲ!

ಮುಂದಿನ ರಜೆಯ ದಿನ ಪ್ಲಗ್ ಕಿತ್ತು ಹಿಂದಿನ ಹಲಗೆ ಬಿಚ್ಚಿದೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು, ಸುತ್ತ ಪೆನ್ಸಿಲಿನಲ್ಲಿ ಚೌಕ ಬರೆದೆ. ಒಳಗೆ ರೆಕಾರ್ಡುಗಳು ತಟ್ಟೆಗಳ ಹಾಗೆ ನೆಟ್ಟಗೆ ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ಕಂಬಿಯ ಮೇಲೆ ಓಡುವ ಒಂದು ಪುಟ್ಟ ಗಾಡಿ. ಒತ್ತಿದ ನಂಬರಿನೆದುರು ಅದು ನಿಂತು ರೆಕಾರ್ಡನ್ನು ಎತ್ತಿಕೊಳ್ಳಬೇಕು.

ಮೊದಲು ಗುಂಡಿಗಳ ಕೆಳಗಿನ ತಗಡುಗಳನ್ನು ಒರೆಸಿದೆ. ಪ್ಲಗ್ ಹಾಕಿ ಒತ್ತಿದೆ. ಮತ್ತೆ ಹದಿಮೂರೇ! ಗಾಡಿಯ ಸ್ಕ್ರೂ ಸ್ವಲ್ಪ ಬಿಗಿ ಮಾಡಿದೆ. ಗಾಡಿ ಎಲ್ಲೂ ನಿಲ್ಲದೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡತೊಡಗಿತು. ಧಡಧಡ ಧಡಧಡ!

“ಏನೋ ಅದು ಸದ್ದು?” ಮೇಲಿನಿಂದ ಅತ್ತೆ ಕೂಗಿದರು.

ನನ್ನ ಪರವಾಗಿ ಗಾಡಿಯೇ ಉತ್ತರಿಸುತ್ತಿತ್ತು.

“ಹಾಡು ಕೇಳೋದಾದ್ರೆ ಕೇಳು. ಅದರ ಮೇಲೆ ಹತ್ತಿ ಕೂತ್ಕೋಬೇಡ!”

ಪ್ಲಗ್ ಕಿತ್ತು ಮತ್ತೆ ಹುಡುಕಿದೆ. ಕೊನೆಗೂ ಸಿಕ್ಕಿತು! ಗಾಡಿಯನ್ನು ತಡೆದು ನಿಲ್ಲಿಸುವ ಒಂದು ಕೊಕ್ಕೆ. ಎಂದೋ ಸವರಿದ ಗ್ರೀಸು ಅದರ ಬುಡದಲ್ಲಿ ಗಟ್ಟಿಯಾಗಿ, ಕೊಕ್ಕೆ ಬೀಳುವುದು ತಡವಾಗುತ್ತಿತ್ತು. ಅಷ್ಟರಲ್ಲಿ ಗಾಡಿ ಒಂದು ರೆಕಾರ್ಡಿನಷ್ಟು ಮುಂದೆ ಹೋಗಿರುತ್ತಿತ್ತು. ಬಿಗಿ ಮಾಡಿದ ಸ್ಕ್ರೂವನ್ನು ಮೊದಲಿನಂತೆ ಸಡಿಲಿಸಿ, ಕೊಕ್ಕೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಸವೆದ ಸ್ಪ್ರಿಂಗಿನ ಬದಲು ಹಳೆಯ ಪೆನ್ನಿನದೊಂದನ್ನು ಸಿಕ್ಕಿಸಿದೆ. ಪ್ಲಗ್ ಹಾಕಿ ಹನ್ನೆರಡು ಒತ್ತಿದೆ. ಹನ್ನೆರಡು! ಒಂದರಿಂದ ಕೊನೆಯವರೆಗೆ ಒತ್ತಿ ನೋಡಿದೆ. ಎಲ್ಲವೂ ಸತ್ಯಸಂಧವಾಗಿದ್ದವು. ಖಾಲಿ ಕುರ್ಚಿಗಳ ಕಡೆ ತಿರುಗಿ ಸ್ವಲ್ಪ ತಲೆಬಾಗಿದೆ.

ಮರುದಿನ ಬೆಳಗ್ಗೆ ಬಾಗಿಲ ಸಂದಿಯಿಂದ ಇಣುಕುತ್ತಾ ಹೊಗಳಿಕೆಗಾಗಿ ಕಾದೆ.

ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಂದರು. ಚೀಟಿಯ ಕಡೆ ನೋಡದೆಯೇ ಹನ್ನೆರಡು ಒತ್ತಿ, ಕುಣಿಯಲು ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲೆತ್ತಿ ನಿಂತರು. ಜೂಕ್‌ಬಾಕ್ಸ್ ಮೆಲ್ಲನೆ ಲಾಲಿ ಹಾಡಿತು! ಎತ್ತಿದ ಕಾಲನ್ನು ಎಲ್ಲಿಡುವುದೆಂದು ಅವರಿಗೆ ತಿಳಿಯಲಿಲ್ಲ.

ಹೆಗಲ ಮೇಲೆ ಮಗು ಮಲಗಿಸಿಕೊಂಡು ಟೈಲರಕ್ಕ ಬಂದರು. ಅವರಿಗೆ ಬೇಕಿದ್ದುದು ಆ ಲಾಲಿಯೇ. ಅವರು ಒತ್ತಿದ್ದು ಹನ್ನೊಂದು. ಪೊಲೀಸ್ ಬ್ಯಾಂಡು ಢಂ ಎಂದಿತು. ಮಗು ಅದಕ್ಕಿಂತ ಜೋರಾಗಿ ದನಿಗೂಡಿಸಿತು!

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಅತ್ತೆ ದಿನವೂ ಒಂದು ಅಳುವ ಹಾಡು ಹಾಕುತ್ತಾರೆ. ಅದನ್ನು ಕೇಳಲಾರದೆ ಗಿರಾಕಿಗಳು ಎದ್ದು ಹೋಗಬೇಕು, ಅದು ಉಪಾಯ. ಅತ್ತೆ ಹದಿಮೂರು ಒತ್ತಿದರು. ಹದಿಮೂರು ಮೇಸ್ತ್ರಿಯ ಕುಣಿತದ ಹಾಡು! ಬೆಳಗ್ಗಿನಿಂದ ಮಂಕಾಗಿದ್ದ ಮೇಸ್ತ್ರಿ ಗ್ಯಾರೇಜಿನಿಂದಲೇ ಓಡಿಬಂದು, ಕುಣಿದು, ಎಲ್ಲರಿಗೂ ಇನ್ನೊಂದು ಚಹಾ ಹೇಳಿಬಿಟ್ಟರು.

ಆಗ ನನಗೆ ಬೆಳಕಾಯಿತು. ಯಾರೂ ಅನ್ಯಾಯ ಸಹಿಸಿಕೊಂಡಿರಲಿಲ್ಲ. ತಮಗೆ ಬೇಕಾದ ಹಾಡಿಗಿಂತ ಒಂದು ನಂಬರ್ ಹಿಂದೆ ಒತ್ತುವುದನ್ನು ಎಲ್ಲರೂ ರೂಢಿ ಮಾಡಿಕೊಂಡಿದ್ದರು. ಇಡೀ ಅಂಗಡಿಗೆ ಗೊತ್ತಿದ್ದ ಗುಟ್ಟು, ನನಗೊಬ್ಬನಿಗೆ ಗೊತ್ತಿರಲಿಲ್ಲ!

“ಲೋ! ಬಾ ಇಲ್ಲಿ!” ಅತ್ತೆಯ ಕೂಗಿಗೆ ತೊಟ್ಟಿಯ ನೀರೂ ನಡುಗಿತು.

“ಒಂದು ಮಾತು ಕೇಳಬಾರದಾಗಿತ್ತೇನಪ್ಪಾ?” ಎಂದರು ಮಾವ, ನೋವಿನಿಂದ.

“ಮಾತೇ? ಇವನೇ?” ಎಂದರು ಅತ್ತೆ. “ಸರಿಮಾಡಿದೋನು ನೀನು ತಾನೇ? ಪೆಟ್ಟಿಗೆ ಪಕ್ಕ ನಿಂತು ಬಂದೋರಿಗೆಲ್ಲ ನೀನೇ ಹೇಳು!”

ನಿಂತೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಮತ್ತೆ ಬರೆದೆ. ಮಗು ಮಲಗಿಸಲು ಟೈಲರಕ್ಕ ಮತ್ತೆ ಬಂದು ಗುಂಡಿಯತ್ತ ಕೈ ಚಾಚಿದರು.

“ಅಕ್ಕಾ... ಹನ್ನೊಂದಲ್ಲ... ಹನ್ನೆರಡು ಒತ್ತಿ.”

ಟೈಲರಕ್ಕನ ಕೈ ಗಾಳಿಯಲ್ಲೇ ನಿಂತಿತು. “ಅಯ್ಯೋ ದೇವರೇ! ನಿನಗೆ ಮಾತು ಬರುತ್ತಾ? ಹುಟ್ಟು ಮೂಗ ಅಂದ್ಕೊಂಡು ನಾವೆಲ್ಲ ಎಷ್ಟು ಮರುಗಿದೀವಿ ಗೊತ್ತಾ!”

ಮೇಸ್ತ್ರಿ ಲೋಟ ಕುಕ್ಕಿ ಎದ್ದರು. “ಮಾತು ಬರುತ್ತೆ ಅಂದ್ರೆ ಕಿವೀನೂ ಕೇಳುತ್ತೆ! ಬೆಳಗ್ಗೆ ನನ್ನ ಕುಣಿತ ಕೆಡಿಸಿದೋನು ನೀನೇ ಅಂತ ಗೊತ್ತಾದ್ರೂ ಪಾಪ ಅಂತ ಬಾಯಿ ಮುಚ್ಕೊಂಡು ಕೂತಿದೀನಿ. ನಿಂತ್ಕೋ ಮರಿ, ಅಲ್ಲೇ ನಿಂತ್ಕೋ!”

ಬೈದರು. ಲಾಲಿ ಹಾಡು ಪೂರ್ತಿ ಮುಗಿಯುವಷ್ಟು ಹೊತ್ತು, ಕೈ ಬೀಸಿ, ಮುಖಕ್ಕೆ ಮುಖ ಕೊಟ್ಟು ಬೈದರು. ನಾನು ಈ ಮನೆಗೆ ಬಂದಮೇಲೆ ಯಾರೂ ನನ್ನೊಂದಿಗೆ ಅಷ್ಟು ಹೊತ್ತು ಮಾತಾಡಿರಲಿಲ್ಲ. ಒಂದು ಪದವನ್ನೂ ಬಿಡದೆ ಕೇಳಿಸಿಕೊಂಡೆ.

ಕೊನೆಗೆ ಉಸಿರು ಸಾಲದೆ ಅವರು ಹೊರಟಾಗ ನನ್ನ ಬಾಯಿ ತಾನಾಗಿ ತೆರೆಯಿತು. “ನಾಳೆ ಎಷ್ಟು ಹೊತ್ತಿಗೆ ಬರ್ತೀರಿ, ಮೇಸ್ತ್ರಿ?”

ಅತ್ತೆ ಸೌಟು ಹಿಡಿದು ಎಲ್ಲವನ್ನೂ ನೋಡುತ್ತಿದ್ದರು. ಮಾವನ ಕಡೆ ತಿರುಗಿ, ಬಹಳ ದಿನಗಳ ಮೇಲೆ ನಕ್ಕರು.

“ರೀ, ಇವನನ್ನ ಎಲ್ಲಿಗೂ ಕಳಿಸ್ಬೇಡಿ. ಚಹಾ ತಣ್ಣಗಾಯ್ತು ಅಂತ ಇಷ್ಟು ವರ್ಷ ಈ ಗಿರಾಕಿಗಳ ಹತ್ರ ನಾನೊಬ್ಬಳೇ ಬೈಸ್ಕೊಂಡಿದೀನಿ. ಇಷ್ಟು ಚೆನ್ನಾಗಿ ಬೈಸ್ಕೊಳ್ಳೋನು ಇನ್ನೆಲ್ಲಿ ಸಿಗ್ತಾನೆ!”