ಎರಡು ಕಾಲದ ಗಡಿಯಲ್ಲಿ ಸಿಕ್ಕಿದ ಕುರಿಹಿಂಡು

ದಿನಾಂಕ ೧೪ ಜೂನ್ ೨೦೨೫, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಮತ್ತೋಡಿನ ನಮ್ಮ ಓದುಗರ ಕೂಟದಲ್ಲಿ, ಓದಿ ಮುಗಿಸದ ಒಂದು ಕಾದಂಬರಿಯನ್ನು ಗೋಣಿಚೀಲಕ್ಕೆ ಹಾಕಲಾಯಿತು. ಹಾಕಿದವರು ಗ್ರಂಥಪಾಲಕರಾದ ಶ್ರೀ ರಂಗೇಶ್. ಕಣ್ಣಾರೆ ಕಂಡವರು ಇಬ್ಬರು: ಭೂಮಾಪನ ಇಲಾಖೆಯಿಂದ ನಿವೃತ್ತನಾದ ಶಿವಕುಮಾರಪ್ಪನೆಂಬ ನಾನು, ಮತ್ತು ಕೂಟದಲ್ಲಿ ಅಕ್ಷರ ಬಾರದ ಏಕೈಕ ಸದಸ್ಯೆಯಾದ ತಿಪ್ಪಕ್ಕ.

ನಾನು: ಅದನ್ನ ಹೊರಗೆ ತೆಗಿ, ರಂಗೇಶ.

ರಂಗೇಶ್: ಆಗಲ್ಲ ಸಾರ್. ಪಟ್ಟಿಯಾಗೆ ಇಲ್ಲ.

ನಾನು: ಪಟ್ಟಿ ತಪ್ಪೈತೆ.

ರಂಗೇಶ್: ಪಟ್ಟಿ ನಿಯಮದ ಪ್ರಕಾರ ಐತೆ ಸಾರ್.

ತಿಪ್ಪಕ್ಕ: ಏನಪ್ಪ, ಆ ಯಮ್ಮನ್ನ ಚೀಲಕ್ಕೆ ತುಂಬಿಬಿಟ್ಯಾ? ಏಳ್ನೂರು ಕುರಿ ಹೊಳೆ ದಂಡೆ ಮ್ಯಾಲೆ ನಿಂತವೆ ಕಣೋ.

ಇಲ್ಲಿ ಕೆಲವು ಸಂಗತಿಗಳನ್ನು ದಾಖಲಿಸುವುದು ಅಗತ್ಯ. ಹಳೆಯ ಕಾಲೇಜೊಂದು ತನ್ನ ಕಪಾಟುಗಳನ್ನು ಖಾಲಿ ಮಾಡುವಾಗ ನಲವತ್ತಮೂರು ಅಮೆರಿಕನ್ ಕಾದಂಬರಿಗಳನ್ನು ನಮಗೆ ದಾನವಾಗಿ ಕೊಟ್ಟಿತು. ನಮ್ಮಲ್ಲಿ ಅಷ್ಟಕ್ಕೂ ಜಾಗವಿಲ್ಲ. ಆದ್ದರಿಂದ ಅಮೆರಿಕದ ಸಾಹಿತ್ಯವನ್ನು ಮೂರು ಕಾಲಗಳಾಗಿ ವಿಂಗಡಿಸಿ, ಒಂದೊಂದು ಕಾಲದ ಅತ್ಯಂತ ಶ್ರೇಷ್ಠ ಕಾದಂಬರಿಯನ್ನು ಆರಿಸಿ, ಆ ಮೂರನ್ನು ಮಾತ್ರ ಉಳಿಸಿಕೊಂಡು ಓದುವುದೆಂದೂ, ಮಿಕ್ಕ ನಲವತ್ತನ್ನು ಸೋಮವಾರದ ಬಸ್ಸಿನಲ್ಲಿ ಬಾಗೂರಿನ ಗ್ರಂಥಾಲಯಕ್ಕೆ ಕಳುಹಿಸುವುದೆಂದೂ ನಿರ್ಣಯವಾಯಿತು. ಅವರ ಅಂತರ್ಯುದ್ಧ ಮುಗಿದ ೧೮೬೫ರ ಕೊನೆಗೆ ಒಂದು ಗಡಿ, ಮೊದಲ ಮಹಾಯುದ್ಧ ಆರಂಭವಾದ ೧೯೧೪ರ ಕೊನೆಗೆ ಇನ್ನೊಂದು. ಮೂವತ್ತಾರು ವರ್ಷ ಹೊಲಗಳಿಗೆ ಬಾಂದು ಕಲ್ಲು ನೆಡಿಸಿದ ನಾನು ಸಾಹಿತ್ಯಕ್ಕೂ ಎರಡು ಕಲ್ಲು ನೆಟ್ಟೆ.

ಓದುವ ಕ್ರಮ ಹೀಗಿದೆ. ಬುಧವಾರ ಮತ್ತು ಶನಿವಾರ ಸಂಜೆ ನಾನು ಇಂಗ್ಲಿಷ್ ಪುಟವನ್ನು ಕಣ್ಣಿನಲ್ಲಿ ಓದಿ ಕನ್ನಡವನ್ನು ಬಾಯಿಂದ ಹೇಳುತ್ತೇನೆ. ಜನ್ಮವೆಲ್ಲ ಕುರಿಗಳ ಹಿಂದೆ ನಡೆದು ಈಗ ಮಂಡಿ ಸವೆಸಿಕೊಂಡಿರುವ ತಿಪ್ಪಕ್ಕ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಕೇಳುತ್ತಾರೆ. ಆಯ್ಕೆಗೆ ಮೊದಲು ಮಾದರಿಗಾಗಿ ಓದಲು ತೆಗೆದುಕೊಂಡ ಪುಸ್ತಕಗಳಲ್ಲಿ ಒಂದು, ವಿಧವೆಯೊಬ್ಬಳು ಹಿಮ ಬೀಳುವ ಮುನ್ನ ಏಳುನೂರು ಕುರಿಗಳನ್ನು ಬೆಟ್ಟ ದಾಟಿಸುವ ಕಥೆ. ಆಕೆಯ ಜಮೀನು ಒಂದು ಚದರ ಮೈಲಿಯೆಂದು ಬಂದಾಗ ನಾನು ಓದು ನಿಲ್ಲಿಸಿ, ಅದು ಆರುನೂರ ನಲವತ್ತು ಎಕರೆಯೆಂದು ವಿವರಿಸತೊಡಗಿದೆ. ಹುಲ್ಲು ಐತೋ ಇಲ್ಲವೋ ಅಷ್ಟು ಹೇಳಿ ಮುಂದಕ್ಕೆ ಹೋಗಿರೆಂದರು ತಿಪ್ಪಕ್ಕ. ಇನ್ನೂರ ಎಂಬತ್ತೆಂಟು ಪುಟಗಳಲ್ಲಿ ಇನ್ನೂರ ಹನ್ನೆರಡನೆಯ ಪುಟದಲ್ಲಿ ಆಕೆ ತುಂಬಿದ ಹೊಳೆಯ ದಡಕ್ಕೆ ಬಂದು ನಿಂತಳು. ಮುಂದಿನದನ್ನು ನಾನೂ ಓದಿಲ್ಲ. ಅಳೆಯದ ಜಮೀನಿಗೆ ನಕ್ಷೆ ಬರೆಯುವ ಅಭ್ಯಾಸ ನನಗಿಲ್ಲ.

ಬುಧವಾರ ಮತದಾನವಾಯಿತು. ಸದಸ್ಯರು ಹದಿನೈದು ಮಂದಿ, ಒಬ್ಬರಿಗೆ ಒಂದೇ ಮತ. ಮೊದಲನೆಯ ಕಾಲಕ್ಕೆ ಸೇರಿದ್ದು ಹಡಗಿನ ಬಡಗಿಯೊಬ್ಬನ ಕಥೆ ಮಾತ್ರವಾದ್ದರಿಂದ ಅದು ಅವಿರೋಧವಾಗಿ ಆಯ್ಕೆಯಾಯಿತು. ನ್ಯಾಯಾಧೀಶರೊಬ್ಬರ ಮೂರು ಮದುವೆಗಳ ಕಥೆಗೆ ಎರಡು ಮತ. ಕುರಿಗಳ ಕಥೆಗೆ ಆರು. ನ್ಯೂಯಾರ್ಕಿನಲ್ಲಿ ಮಂಚದ ಮೇಲೆ ಮಲಗಿರುವವನೊಬ್ಬನ ಕಥೆಗೆ ಏಳು. ಮಂಚದವನು ಮೂರನೆಯ ಕಾಲಕ್ಕೆ ಸೇರಿದವನು, ಕುರಿಗಳು ಎರಡನೆಯ ಕಾಲಕ್ಕೆ ಸೇರಿದವು, ಎರಡೂ ಗೆದ್ದವು ಎಂದು ನಾನು ನಿಶ್ಚಿಂತೆಯಿಂದ ಮನೆಗೆ ಹೋಗಿದ್ದೆ. ಶನಿವಾರ ಬಂದು ಪಟ್ಟಿ ನೋಡಿದರೆ ಎರಡನೆಯ ಕಾಲದ ಎದುರು ನ್ಯಾಯಾಧೀಶರ ಮದುವೆಗಳು.

ನಾನು: ಎರಡು ಮತದೋನು ಗೆದ್ದು, ಆರು ಮತದೋಳು ಸೋಲೋದು ಯಾವ ಊರಿನ ನ್ಯಾಯ?

ರಂಗೇಶ್: ಆಕೆ ಎರಡನೇ ಕಾಲಕ್ಕೆ ಬರಲ್ಲ ಸಾರ್. ಮೂರನೇದಕ್ಕೆ ಬರ್ತಾಳೆ. ಅಲ್ಲಿ ಏಳು ಮತದೋನು ಅದಾನೆ.

ನಾನು: ಒಳಪುಟ ನೋಡು. ಮಾಸಪತ್ರಿಕೇಲಿ ಜನವರಿಯಿಂದ ಡಿಸೆಂಬರ್‌ವರೆಗೆ, ಹನ್ನೆರಡು ಕಂತು, ೧೯೧೩.

ರಂಗೇಶ್: ಅದರ ಕೆಳಗಿನ ಸಾಲೂ ಓದ್ರಿ ಸಾರ್. ಪುಸ್ತಕ ಆಗಿದ್ದು ೧೯೧೫.

ನಾನು: ಜನ ಓದಿದ್ದು ಹದಿಮೂರರಲ್ಲೇ.

ರಂಗೇಶ್: ನಿಯಮ ನಾಲ್ಕು. 'ಪುಸ್ತಕರೂಪದಲ್ಲಿ ಮೊದಲು ಅಚ್ಚಾದ ವರ್ಷವೇ ಪ್ರಮಾಣ. ಅನ್ಯ ಸಾಕ್ಷ್ಯ ಗ್ರಾಹ್ಯವಲ್ಲ.'

ತಿಪ್ಪಕ್ಕ: ಹಂಗಂತ ಬರ್ದೋರು ಯಾರಪ್ಪ?

ರಂಗೇಶ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಉತ್ತರವನ್ನು ನಾನೇ ಕೊಡಬೇಕಾಯಿತು: ಬರೆದವನು ನಾನು. ಆದರೆ ಬರೆಯಬೇಕಾಗಿ ಬಂದದ್ದು ರಂಗೇಶ್ ಅವರ ದೆಸೆಯಿಂದ. ಅವರು ಮೊದಲು ಪ್ರತಿ ಪುಸ್ತಕದ ಮೇಲಿದ್ದ ಕಾಲೇಜಿನ ಮೊಹರಿನ ತಾರೀಖನ್ನೇ ಕಾದಂಬರಿಯ ವರ್ಷವೆಂದು ಬರೆದುಕೊಂಡಿದ್ದರು. ಆ ಲೆಕ್ಕದಲ್ಲಿ ಅಮೆರಿಕದ ಸಾಹಿತ್ಯವೆಲ್ಲ ೧೯೮೭ರ ಜುಲೈ ಒಂಬತ್ತರಂದು, ಒಂದೇ ದಿನ ಹುಟ್ಟಿತ್ತು. ಅದನ್ನು ತಡೆಯಲು ನಾಲ್ಕನೆಯ ನಿಯಮ ಬಂದಿತು. ನಿಯಮ ಒಳ್ಳೆಯದೇ. ಅದು ಕುರಿಗಳ ಮೇಲೆ ಬಿದ್ದದ್ದು ಆಕಸ್ಮಿಕ.

ತಿಪ್ಪಕ್ಕ: ವಯಸ್ಸು ನೋಡಾಕೆ ಇಷ್ಟು ಗಲಾಟೆನಾ? ಕುರಿ ಆದ್ರೆ ಬಾಯಿ ತೆಗ್ದು ಹಲ್ಲು ನೋಡ್ತೀವಿ. ಎರಡಲ್ಲು, ನಾಲ್ಕಲ್ಲು, ಆರಲ್ಲು. ಮುಗೀತು.

ರಂಗೇಶ್: ಪುಸ್ತಕಕ್ಕೆ ಹಲ್ಲಿಲ್ಲ ಅಜ್ಜಿ, ಒಳಪುಟ ಐತೆ. ಅದ್ರಾಗೆ ಎರಡು ತಾರೀಖು ಅವೆ, ಅದೇ ತೊಂದ್ರೆ.

ತಿಪ್ಪಕ್ಕ: ಎರಡು ಹೆಂಗೆ?

ರಂಗೇಶ್: ಮೊದ್ಲು ತಿಂಗಳಿಗೆ ಒಂದಿಷ್ಟು ಬಂತು. ಆಮೇಲೆ ಎಲ್ಲಾ ಸೇರಿಸಿ ರಟ್ಟು ಹಾಕಿ ಮಾರಿದ್ರು.

ತಿಪ್ಪಕ್ಕ: ಮತ್ತೆ ಗೊತ್ತಾತಲ್ಲ. ಮರಿಗೆ ವಯಸ್ಸು ಹುಟ್ಟಿದ ದಿನದಿಂದನೋ, ಸಂತೆಗೆ ಹೊಡೆದ ದಿನದಿಂದನೋ?

ನನ್ನ ಸೇವಾವಧಿಯಲ್ಲಿ ಎಷ್ಟೋ ವಕೀಲರ ವಾದಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಗಟ್ಟಿಯಾದ ವಾದವನ್ನು ಕೇಳಿರಲಿಲ್ಲ. ಆದರೆ ರಂಗೇಶ್ ಸುಲಭಕ್ಕೆ ಬಿಡುವವರಲ್ಲ.

ರಂಗೇಶ್: ಮರಿ ಒಂದೇ ದಿನ ಹುಟ್ತೈತೆ ಅಜ್ಜಿ. ಇದು ಹನ್ನೆರಡು ತಿಂಗಳು ಹುಟ್ಟೈತೆ.

ತಿಪ್ಪಕ್ಕ: ಅಯ್ಯೋ ಪಾಪ, ಬರ್ದೋನಿಗೆ ಎಷ್ಟು ನೋವಾಗಿರ್ಬೇಕು.

ರಂಗೇಶ್: ಬೇಕಾದ್ರೆ ಪೋಡಿ ಮಾಡಿಬಿಡಾಣ ಸಾರ್. ಎರಡು ಸರಹದ್ದಿಗೆ ಬಿದ್ದ ಜಮೀನು ನೀವು ಪಾಲು ಮಾಡಿ ಕೊಡ್ತಿರ್ಲಿಲ್ವಾ? ಅರ್ಧ ಎರಡನೇ ಕಾಲಕ್ಕೆ, ಅರ್ಧ ಮೂರನೇ ಕಾಲಕ್ಕೆ.

ತಿಪ್ಪಕ್ಕ: ಹೊಳೆ ಯಾವ ಅರ್ಧಕ್ಕೆ ಬರ್ತೈತೆ?

ರಂಗೇಶ್: ಕೊನೇ ಅರ್ಧಕ್ಕೆ.

ತಿಪ್ಪಕ್ಕ: ನಂಗೆ ಆ ಅರ್ಧ ಸಾಕು.

ಕೃಷಿ ಜಮೀನಿಗೂ ಕಾದಂಬರಿಗೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕಾಯಿತು. ಪಾಲಾದ ಹೊಲದಲ್ಲಿ ಎರಡೂ ಕಡೆ ರಾಗಿ ಬೆಳೆಯಬಹುದು, ಪಾಲಾದ ಕಾದಂಬರಿಯಲ್ಲಿ ಯಾರೂ ಏನೂ ಬೆಳೆಯಲಾರರು. ಆಮೇಲೆ ಮಾತು ಸಹಜವಾಗಿ ಏಳು ಮತದ ಮಂಚದವನ ಕಡೆಗೆ ತಿರುಗಿತು. ಮಾದರಿಗಾಗಿ ಅದರ ಅರುವತ್ತು ಪುಟಗಳನ್ನೂ ನಾನೇ ಓದಿ ಹೇಳಿದ್ದೆ. ತಿಪ್ಪಕ್ಕ ಮರೆತಿರಲಿಲ್ಲ.

ತಿಪ್ಪಕ್ಕ: ಅರವತ್ತು ಪುಟ ಆದ್ರೂ ಆ ಪುಣ್ಯಾತ್ಮ ಮಂಚದಿಂದ ಇಳೀಲಿಲ್ಲ. ಕಾಲು ಮುರ್ದೈತಾ ಅಂದ್ರೆ ಅದೂ ಇಲ್ಲ.

ರಂಗೇಶ್: ಅವನು ಯೋಚ್ನೆ ಮಾಡ್ತಾನೆ ಅಜ್ಜಿ.

ತಿಪ್ಪಕ್ಕ: ಏನಂತ?

ರಂಗೇಶ್: ಏಳ್ಬೇಕಾ ಬ್ಯಾಡ್ವಾ ಅಂತ.

ತಿಪ್ಪಕ್ಕ: ಅವನ ಮನ್ಯಾಗೆ ಒಂದು ಕುರಿ ಇದ್ದಿದ್ರೆ ಕೋಳಿ ಕೂಗೋ ಹೊತ್ತಿಗೇ ಎಬ್ಬಿಸಿರೋದು. ಪುಸ್ತಕನೇ ಬೇಕಾಗ್ತಿರ್ಲಿಲ್ಲ.

ರಂಗೇಶ್: ಹಂಗನ್ಬ್ಯಾಡ್ರಿ. ದಿನಾ ಬೆಳಿಗ್ಗೆ ಈ ಬಾಗಿಲ ಬೀಗ ಕೈಯಾಗೆ ಹಿಡ್ಕಂಡಾಗ ನಂಗೂ ಹಂಗೇ ಅನ್ಸೋದು. ನಂಗೆ ಅಂತ ಬರ್ದ ಪುಸ್ತಕ ಅದೊಂದೇ.

ಇದನ್ನು ಅವರು ತಮಾಷೆಗೆ ಹೇಳಲಿಲ್ಲ. ಆದ್ದರಿಂದ ಮಂಚದವನ ಏಳು ಮತಗಳ ವಿಷಯದಲ್ಲಿ ನನ್ನ ತಕರಾರನ್ನು ನಾನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ. ಹಾಗಿದ್ದರೆ ಕುರಿಗಳ ಪುಸ್ತಕವನ್ನು ನನ್ನ ಹೆಸರಿಗೆ ಎರವಲು ಬರೆದುಕೊಡಿ, ಎಪ್ಪತ್ತಾರು ಪುಟಗಳನ್ನು ತಿಪ್ಪಕ್ಕನ ಮನೆಯ ಜಗಲಿಯ ಮೇಲೆ ಓದಿ ಮುಗಿಸುತ್ತೇನೆ ಎಂದು ಕೇಳಿದೆ.

ರಂಗೇಶ್: ನಿಯಮ ಆರು ಸಾರ್. ಆಯ್ಕೆ ಆಗದ ಪುಸ್ತಕ ಯಾರಿಗೂ ಎರವಲಿಲ್ಲ.

ತಿಪ್ಪಕ್ಕ: ಅದನ್ನ ಬರ್ದೋರು?

ನಾನು: ನಾನೇ.

ತಿಪ್ಪಕ್ಕ: ಸೋಮವಾರ ಬ್ಯಾಡ, ಮುಂದಿನ ವಾರ ಕಳ್ಸಾಣ ಅಂದ್ರೆ?

ರಂಗೇಶ್: ನಿಯಮ ಏಳು. ತಾರೀಖು ಮುಂದೂಡಂಗಿಲ್ಲ.

ತಿಪ್ಪಕ್ಕ: ಕೇಳಾದೇ ಬ್ಯಾಡ ಬಿಡ್ರಿ. ಸರ್ವೆ ಸಾಹೇಬ್ರೇ, ಕುರಿ ರೊಪ್ಪಕ್ಕೆ ಬೇಲಿ ಹಾಕೋನು ತಾನು ಹೊರಗೆ ನಿಂತು ಹಾಕ್ತಾನೆ. ನೀವು ಒಳಗೆ ನಿಂತು ಹಾಕೀರಿ.

ರಂಗೇಶ್ ಚೀಲದ ಬಾಯಿಗೆ ಹುರಿ ಸುತ್ತತೊಡಗಿದಾಗ ತಿಪ್ಪಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, ನಮ್ಮಿಬ್ಬರನ್ನೂ ನೋಡದೆ, ಕಿಟಕಿಯ ಕಡೆಗೆ ಮುಖ ಮಾಡಿ ಮಾತಾಡಿದರು.

ತಿಪ್ಪಕ್ಕ: ನಂದೂ ಒಂದ್ಸಲ ಹಿಂಗೇ ಆಗಿತ್ತು. ವೇದಾವತಿ ಹೊಳೆ ತುಂಬಿ ಬಂದಿದ್ಲು. ಮುಂದಿನ ಟಗರು ನೀರಿಗೆ ಇಳೀಲಿಲ್ಲ. ನಮ್ಮೆಜಮಾನ್ರು ಜ್ವರ ಬಂದು ಮಲಗಿದ್ರು, ಹೇಳೋರಿಲ್ಲ ಕೇಳೋರಿಲ್ಲ. ನಾನು ಹಿಂದಕ್ಕೆ ಹೊಡ್ದೆ. ಸುತ್ತು ಹಾಕಿ ಬರಾದ್ರಾಗೆ ಹನ್ನೊಂದು ಮರಿ ಸತ್ತವು. ಇಳಿಸಿದ್ರೆ ಉಳೀತಿದ್ವೋ, ಎಲ್ಲಾ ಕೊಚ್ಚಿ ಹೋಗ್ತಿದ್ವೋ, ಐವತ್ತು ವರ್ಷ ಆತು. ಅದನ್ನ ಕೇಳಾಕೆ ನಂಗೆ ಇನ್ನೊಬ್ಳು ಸಿಕ್ಕಿದ್ಲು. ಆಕೆ ಏನ್ಮಾಡ್ತಾಳೆ ಅಂತ ನೋಡ್ಬೇಕಿತ್ತು ಅಷ್ಟೇ. ಶ್ರೇಷ್ಠನೋ ಕನಿಷ್ಠನೋ ನಂಗೆ ಬ್ಯಾಡ.

ರಂಗೇಶ್ ಹುರಿ ಸುತ್ತುವುದನ್ನು ನಿಲ್ಲಿಸಿದರು. ನಿಯಮಗಳ ಕಡತವನ್ನು ತಂದು, ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ಹಾಳೆಯಾಗಿ ತಿರುವಿ, ಕೊನೆಯ ಪುಟದಲ್ಲಿ ಬೆರಳಿಟ್ಟರು.

ರಂಗೇಶ್: ಸಾರ್, ಒಂಬತ್ತನೇದು ಒಂದು ಐತೆ. 'ತುರ್ತು ಸಂದರ್ಭದಲ್ಲಿ, ಸದಸ್ಯರ ಲಿಖಿತ ಅರ್ಜಿಯ ಮೇಲೆ, ನಿಯಮ ಉಪಸಮಿತಿಯ ಅಧ್ಯಕ್ಷರು ಯಾವುದೇ ನಿಯಮವನ್ನು ತಿದ್ದಬಹುದು.'

ತಿಪ್ಪಕ್ಕ: ಆ ಅಧ್ಯಕ್ಷರ ಮನೆ ಎಲ್ಲೈತೆ? ಹೋಗಾಣ ನಡೀರಿ, ಕಾಲು ಹಿಡೀತೀನಿ.

ರಂಗೇಶ್: ಹೋಗೋದೇನೂ ಬ್ಯಾಡ ಅಜ್ಜಿ. ನಿಮ್ಮ ಪಕ್ಕದಾಗೇ ಕುಂತವ್ರೆ.

ತಿಪ್ಪಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ತಿಪ್ಪಕ್ಕ: ನೀವಾ? ಮತ್ತೆ ಈಗ್ಲೇ ತಿದ್ರಿ.

ನಾನು: ಆಗಲ್ಲ ತಿಪ್ಪಕ್ಕ. ಲಿಖಿತ ಅರ್ಜಿ ಬೇಕು.

ತಿಪ್ಪಕ್ಕ: ಯಾರು ಕೊಡ್ಬೇಕು?

ನಾನು: ಯಾರಾದ್ರೂ ಸದಸ್ಯರು.

ತಿಪ್ಪಕ್ಕ: ನೀವು ಸದಸ್ಯರಲ್ವಾ?

ರಂಗೇಶ್: ಅವರೇ ಕೊಟ್ಟು ಅವರೇ ತಗಂಡ್ರೆ ನಡೀತೈತಾ ಸಾರ್?

ನಾನು: ಕೊಡೋನು ಸದಸ್ಯ, ತಗಳ್ಳೋನು ಅಧ್ಯಕ್ಷ. ಇಬ್ಬರೂ ಬೇರೆ. ಆದ್ರೆ ಆ ಅಧ್ಯಕ್ಷ ಬಾಯಿಮಾತಿಗೆ ಬಗ್ಗೋ ಮನುಷ್ಯ ಅಲ್ಲ.

ತಿಪ್ಪಕ್ಕ: ಬಗ್ಗಲ್ಲ ಅಂತ ಈಗ ಒಂದು ಗಂಟೆಯಿಂದ ನೋಡ್ತಾ ಅದೀನಿ. ಬರೀರಿ. ಕೆಳಗೆ ನನ್ನ ಹೆಬ್ಬೆಟ್ಟೂ ಹಾಕ್ಕಳ್ರಿ.

ರಂಗೇಶ್ ಎರಡು ಬಿಳಿ ಹಾಳೆ ಕೊಟ್ಟರು. ಒಂದು ಅರ್ಜಿಗೆ, ಇನ್ನೊಂದು ಸ್ವೀಕೃತಿಗೆ.

ಆದಕಾರಣ, ಮತ್ತೋಡು ಓದುಗರ ಕೂಟದ ನಿಯಮ ಉಪಸಮಿತಿಯ ಮಾನ್ಯ ಅಧ್ಯಕ್ಷರಲ್ಲಿ ನನ್ನ ಒತ್ತಾಯವೇನೆಂದರೆ: ಕಂತುಗಳಾಗಿ ಮೊದಲು ಪ್ರಕಟವಾದ ಕಾದಂಬರಿಗೆ ಆ ಪ್ರಕಟಣೆಯ ವರ್ಷವನ್ನೇ ಹುಟ್ಟಿದ ವರ್ಷವೆಂದು ಪರಿಗಣಿಸಿ, ನಾಲ್ಕನೆಯ ನಿಯಮವನ್ನು ತಾವು ಕೂಡಲೇ ತಿದ್ದತಕ್ಕದ್ದು. ಸದರಿ ಕಾದಂಬರಿಯನ್ನು ಎರಡನೆಯ ಕಾಲದ ಶ್ರೇಷ್ಠ ಕೃತಿಯೆಂದು ಘೋಷಿಸಿ, ಸೋಮವಾರದ ಬಸ್ಸು ಹೊರಡುವ ಮೊದಲು ಚೀಲದಿಂದ ಹೊರಗೆ ತೆಗೆಸತಕ್ಕದ್ದು. ನ್ಯಾಯಾಧೀಶರು ತಮ್ಮ ಮೂವರು ಪತ್ನಿಯರೊಂದಿಗೆ ಬಾಗೂರಿಗೆ ಹೋಗಲಿ, ನನ್ನ ಅಭ್ಯಂತರವಿಲ್ಲ. ಅಧ್ಯಕ್ಷರು ಊರಿನಲ್ಲಿಲ್ಲ, ಸಭೆಯಲ್ಲಿದ್ದಾರೆ, ಆರೋಗ್ಯ ಸರಿಯಿಲ್ಲ ಎಂಬಂಥ ಉತ್ತರಗಳನ್ನು ಒಪ್ಪಲಾಗುವುದಿಲ್ಲ. ಈ ಅರ್ಜಿಯನ್ನು ಬರೆಯುತ್ತಿರುವ ಕ್ಷಣದಲ್ಲಿ ಅವರು ಆರೋಗ್ಯವಾಗಿ, ಬಿಡುವಾಗಿ, ಇದೇ ಬೆಂಚಿನ ಮೇಲೆ ಕುಳಿತಿರುವುದು ನನಗೆ ಖಚಿತವಾಗಿ ತಿಳಿದಿದೆ.