ತಿಕ್ಕಿದರೂ ಹೋಗದ ಸುಣ್ಣ

ಎಡಗೆನ್ನೆಯ ಒಳಗೊಂದು ಬಿಳಿ ಕಲೆ ಕನ್ನಡಿಯಲ್ಲಿ ಕಂಡದ್ದೇ ಶಿರಾಲಿಯ ಗಣಪನ ಎದೆ ಧಸಕ್ಕೆಂದಿತು. ರೋಗದ ಭಯಕ್ಕಲ್ಲ, ಹೆಂಡತಿಯ ಭಯಕ್ಕೆ. ಎಲೆ, ಅಡಿಕೆ, ಸುಣ್ಣಕ್ಕೆ ಹೊಗೆಸೊಪ್ಪು ಸೇರಿಸಿ ಜಗಿಯುವ ಕವಳ ಬಿಟ್ಟೆನೆಂದು ಮಾದೇವಿಯೆದುರು ದೇವರ ಆಣೆ ಹಾಕಿ ಎರಡು ವರ್ಷವಾಗಿತ್ತು. ಕವಳದ ಸಂಚಿ ಮಾತ್ರ ಕೊಟ್ಟಿಗೆಯ ಹುಲ್ಲಿನಡಿ ಬೆಚ್ಚಗಿತ್ತು. ಇವತ್ತು ಶಾಲೆಯಲ್ಲಿ ಬಾಯಿ ತಪಾಸಣೆಯ ಶಿಬಿರ. ಖಾರ ತಾಗಿದರೆ ಬಾಯಿ ಉರಿ ಎಂದು ಈಚೆಗೆ ಮೀನುಸಾರಿಗೂ ಮೆಣಸು ಹಾಕದ ಮಾದೇವಿ, ಗಂಡನನ್ನು ಕರೆದೊಯ್ಯಲು ಸೀರೆ ಬದಲಿಸುತ್ತಿದ್ದಳು.

ಸುಣ್ಣ ಅಂಟಿರಬೇಕು, ತಿಕ್ಕಿದರೆ ಹೋದೀತು ಎಂದು ಗಣಪ ಬೇಲಿಯಾಚೆಯ ದಾಸನಲ್ಲಿಗೆ ಓಡಿದ. ದಾಸನ ಮೇಲೆ ಅವನಿಗೆ ಸಿಟ್ಟಿತ್ತು. ತಾನು ಜಗಿದದ್ದಕ್ಕಿಂತ ಬೇಗ ಸಂಚಿ ಬರಿದಾಗುತ್ತಿತ್ತು; ಜಾಗ ಗೊತ್ತಿದ್ದವನು ಇವನೊಬ್ಬನೇ. ಆದರೆ ಕಷ್ಟಕಾಲದಲ್ಲಿ ಕಳ್ಳನೂ ನೆಂಟನೇ.

"ಉಪ್ಪು ಹಾಕಿ ತಿಕ್ಕು ಮಾರಾಯಾ" ಎಂದ ದಾಸ. ತಿಕ್ಕಿದ. ಲಿಂಬೆಹಣ್ಣು ಹಿಂಡಿದರು, ಕಣ್ಣೀರು ಬಂತು, ಕಲೆ ಹೋಗಲಿಲ್ಲ. ಕೊನೆಗೆ ದಾಸನ ತಾಯಿ ಈರಮ್ಮ ತೆಂಗಿನ ನಾರು ಹಿಡಿದು ಬಂದಳು. "ಬಾಯಿ ತೆಗಿ. ಹಂಡೆ ಬೆಳಗಿದವಳು ನಾನು, ನಿನ್ನ ಗಲ್ಲ ಎಂತ ಮಹಾ!"

ಗಣಪ ಬಾಯಿ ಮುಚ್ಚಿಕೊಂಡು ಶಿಬಿರಕ್ಕೇ ಓಡಿದ.

ಡಾಕ್ಟರ್ ಸ್ಮೃತಿ ಟಾರ್ಚು ಹಿಡಿದು, ಕಲೆಯನ್ನು ಬಟ್ಟೆಯಿಂದ ಒರೆಸಿ ನೋಡಿದರು.

"ಸುಣ್ಣ ಡಾಕ್ಟ್ರೇ. ಬೆಳಗಿಂದ ತಿಕ್ಕಿದೆ, ಹೋಗೂದೇ ಇಲ್ಲ."

"ಸುಣ್ಣ ಆಗಿದ್ರೆ ಹೋಗ್ತಿತ್ತು. ತಿಕ್ಕಿದ್ರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು, ಇದನ್ನೆಲ್ಲ ಸುಮ್ನೆ ಬಿಟ್ರೆ ಕ್ಯಾನ್ಸರ್ ಆಗಬಹುದು. ನಿಮ್ಮದು ಇನ್ನೂ ಹಾಗೆ ಕಾಣೂದಿಲ್ಲ. ಹೊನ್ನಾವರದ ಆಸ್ಪತ್ರೆಯಲ್ಲಿ ಕಲೆಯ ಚೂರು ತೆಗೆದು ಪರೀಕ್ಷೆ ಮಾಡ್ಸಿ, ಕವಳ ಇವತ್ತೇ ಬಿಡಿ. ಸರಿಯಾದ ಹೊತ್ತಿಗೆ ಬಂದ್ರಿ."

ಗಣಪನ ಕಣ್ಣು ತುಂಬಿತು. ಡಾಕ್ಟರಿಗೆ ಕೈಮುಗಿದು, ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ ಮಾದೇವಿಯ ಮುಂದೆ ಸಂಚಿಯ ಕತೆಯನ್ನೆಲ್ಲ ಒಪ್ಪಿಕೊಂಡ. ಸಿಡಿಲು ಬಡಿಯಲಿಲ್ಲ. "ಆತು ಬಿಡಿ" ಎಂದು ಅವಳು ನೆಲ ನೋಡಿದಳು.

"ಅಕ್ಕ, ನೀವೂ ಬಾಯಿ ತೆರೀರಿ" ಎಂದರು ಡಾಕ್ಟರು. ಮೂರು ಬೆರಳು ಹಿಡಿಯಬೇಕಾದ ಬಾಯಿಯಲ್ಲಿ ಎರಡೇ ಹಿಡಿದವು.

"ಬೈಯೂಕೆ ಪೂರಾ ತೆರೀತದೆ ಡಾಕ್ಟ್ರೇ!" ಎಂದ ಗಣಪ. ಯಾರೂ ನಗಲಿಲ್ಲ.

"ಖಾರ ತಿಂದ್ರೆ ಉರಿಯಾ? ಅಡಿಕೆ ಜಗೀತೀರಾ?"

ಮಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹುಲ್ಲಿನಡಿ ಸಂಚಿ ಸಿಕ್ತು. ಬಿಸಾಡೂಕೆ ಅಂತ್ಲೇ ತೆಗ್ದದ್ದು. ಒಂದು ಬಾಯಿಗೆ ಹಾಕಿ ನೋಡ್ದೆ... ಬಿಡೂಕೇ ಆಗ್ಲಿಲ್ಲ."

"ಅಡಿಕೆಯಿಂದ ಗಲ್ಲ ಒಳಗೇ ಬಿಗೀತಿದೆ. ಬಿಡದಿದ್ರೆ ಬಾಯಿ ತೆರೆಯೂದೇ ಕಷ್ಟ, ಮುಂದೆ ಇದೂ ಕ್ಯಾನ್ಸರ್ ಆಗಬಹುದು" ಎಂದು ಡಾಕ್ಟರು ಹೊನ್ನಾವರಕ್ಕೆ ಎರಡು ಚೀಟಿ ಬರೆದರು. ಇಬ್ಬರೂ ಬೇಗ ಸಿಕ್ಕಿದ್ದು ಪುಣ್ಯ ಎಂದರು.

ದಾರಿಯಲ್ಲಿ ಗಣಪನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. "ನೀ ಕದ್ದದ್ದೇ ಉಪಕಾರ ಆತು. ಇಲ್ಲದಿದ್ರೆ ಅಷ್ಟೂ ನನ್ನ ಬಾಯಿಗೇ ಬೀಳ್ತಿತ್ತು."

"ನೀವು ಆಣೆ ಹಾಕಿ ಬಚ್ಚಿಡದೆ ಇದ್ರೆ ನಾ ಎಲ್ಲಿ ಕದೀತಿದ್ದೆ?" ಎಂದು ಶುರುಮಾಡಿದ ಮಾದೇವಿ ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಎರಡೇ ಬೆರಳಿನ ಬಾಯಿಯಿಂದ ಎರಡು ವರ್ಷದ ಬೈಗುಳ ಒಂದೂ ಉಳಿಯದೆ ಹೊರಬಂತು. ಗಣಪ ಹೊನ್ನಾವರದ ಚೀಟಿಗಳನ್ನು ಎದೆಗೊತ್ತಿಕೊಂಡು, ಅವಳ ಬಾಯಿ ಇನ್ನೂ ಇಷ್ಟಾದರೂ ತೆರೆಯುತ್ತದಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತ ಹಿಂದಿನಿಂದ ನಡೆದ.