ಪಾಚಿ ತಿನ್ನುವ ದೊರೆ

"ಮೀನು ತಿನ್ನೋಕೆ ಬರೋರು ಸೆಂಗಾ ಬೇ ಊರ ತುಂಬ ಇದಾರೆ. ಮೀನಿಗೆ ತಿನ್ನಿಸೋಕೆ ಬರೋನು ನಾನೊಬ್ಬನೇ! ಇವತ್ತಿಂದ ದೊರೆಯ ಊಟದ ಜವಾಬ್ದಾರಿ ನಂದು!"

ಬೆಳಗಿನ ಮೆಕ್ಕೆಜೋಳದ ಗಂಜಿ ಕುಡಿಯುತ್ತಾ ಹೀಗೆ ಘೋಷಣೆ ಹೊರಡಿಸಿದವನು ಬಿಜ್ವಿಕ್ ಕಫುಕಾ. ಕೇಳಿಸಿಕೊಂಡವಳು ಹೆಂಡತಿ ಎನೆಲೆಸ್. ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಸಂತೆಗೆ ಒಯ್ಯುವ ಒಣಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಘೋಷಣೆ ಆಮೇಲೆ. ಗಂಜಿ ಆರ್ತಾ ಇದೆ" ಎಂದಳು.

ಬಿಜ್ವಿಕ್ ಸಾಮಾನ್ಯನಲ್ಲ. ಮಲಾವಿ ಸರೋವರದ ದಂಡೆಯ ಲಾಡ್ಜೊಂದರಲ್ಲಿ ಅಡಿಗೆಯವನು. ಅವನ ಮಾತನ್ನೇ ನಂಬುವುದಾದರೆ, ಅವನ ಕೈಯೂಟ ಉಂಡ ಪ್ರವಾಸಿಗರು ಊರಿಗೆ ಮರಳುವ ವಿಮಾನವನ್ನೇ ತಪ್ಪಿಸಿಕೊಳ್ಳುತ್ತಿದ್ದರು! ಭಾನುವಾರ ಮನೆಯಲ್ಲೂ ಸೌಟು ಹಿಡಿಯುತ್ತಿದ್ದ. ಅತ್ತೆಗೆಂದು ಒಂದು ತಟ್ಟೆ ಮುಚ್ಚಿ, ಎನೆಲೆಸ್ ಕೈಯಲ್ಲಿ ಕಳಿಸುತ್ತಿದ್ದ. ತಟ್ಟೆ ತೊಳೆದಿಟ್ಟಷ್ಟು ಖಾಲಿಯಾಗಿ ಮರಳುತ್ತಿತ್ತು. ಅಡಿಗೆಯವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಅತ್ತೆ ಉಣ್ಣುವುದನ್ನು ಮಾತ್ರ ಅವನು ಕಂಡಿರಲಿಲ್ಲ. ಕಾಣುವಂತೆಯೂ ಇರಲಿಲ್ಲ. ಮದುವೆಯಾಗಿ ಹೆಂಡತಿಯ ಊರಿಗೆ ಬಂದು, ಅತ್ತೆಯ ಅಂಗಳದಲ್ಲೇ ಮನೆ ಕಟ್ಟಿಕೊಂಡ ಅಳಿಯ ಅವನು. ಅತ್ತೆ ಎದುರಾದರೆ ದಾರಿ ಬಿಟ್ಟು ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತಾ, ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಬೇಕು. ಅವರೂ ಅಷ್ಟೇ, ಮುಖ ಬೇರೆ ಕಡೆ ಮಾಡಿ ಚಪ್ಪಾಳೆ ತಟ್ಟುತ್ತಾರೆ. ಕೂಡಿ ಉಣ್ಣುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಹೆಸರಿಡುವುದಂತೂ ಕನಸಿನಲ್ಲೂ ಇಲ್ಲ.

ಇನ್ನು ದೊರೆ. ದೊರೆ ಎಂದರೆ ಹೆಬ್ಬೆರಳಿಗಿಂತ ತುಸು ಉದ್ದದ, ನೀಲಿ ಮೈಗೆ ಕಪ್ಪು ಪಟ್ಟೆ ಬಳಿದುಕೊಂಡ ಒಂದು ಮೀನು. ಮಾವ ಸಾಕುಮೀನಿನ ವ್ಯಾಪಾರಿಗಳಿಗಾಗಿ ಸರೋವರದ ಬಂಡೆಗಳ ನಡುವೆ ಮುಳುಗಿ ಮೀನು ಹಿಡಿಯುತ್ತಿದ್ದರು. ಅವರು ಹಿಡಿದದ್ದೆಲ್ಲ ವಿಮಾನ ಹತ್ತಿ ಲೋಕ ಸುತ್ತಲು ಹೋಯಿತು. ಇದೊಂದನ್ನು ಕೊಡಲು ಮನಸ್ಸು ಬರದೆ, ಜಗಲಿಯ ಮೇಲೆ ಗಾಜಿನ ತೊಟ್ಟಿಯಲ್ಲಿ ಇಟ್ಟುಕೊಂಡರು. ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಅಂದಿನಿಂದ ಅತ್ತೆ ನಾಮ್ವಾಲೆ ಬೆಳಿಗ್ಗೆ ಎದ್ದವರೇ ತೊಟ್ಟಿಯ ಮುಂದೆ ಚಾಪೆ ಹಾಸಿ ಕೂತು, ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಆ ಮೀನಿಗೆ ಹೇಳುತ್ತಿದ್ದರು. ಕೋಳಿ ಮೊಟ್ಟೆ ಇಟ್ಟದ್ದು, ಮೊಮ್ಮಗುವಿಗೆ ಹಲ್ಲು ಬಂದದ್ದು, ಮಂಡಿ ನೋವು, ಎಲ್ಲ. ಆ ಮೀನು ಹೋದರೆ ಅತ್ತೆ ಎರಡನೇ ಸಲ ಗಂಡನನ್ನು ಕಳೆದುಕೊಂಡ ಹಾಗೆ. ಇದು ಬಿಜ್ವಿಕ್‌ಗೂ ಗೊತ್ತಿತ್ತು. ಅದಕ್ಕೇ ದೊರೆಗೆ ಒಳ್ಳೆಯ ಊಟ ಹಾಕಬೇಕೆಂಬ ಹಟ.

ಅಂಥ ದೊರೆಯ ದಿನದ ಊಟ ಏನಾಗಿತ್ತು? ಪಾಚಿ! ಮಾವ ಬೋಗುಣಿಯ ನೀರಲ್ಲಿ ಕಲ್ಲುಗಳನ್ನು ಹಾಕಿ ಬಿಸಿಲಿಗೆ ಇಡುತ್ತಿದ್ದರು. ಕಲ್ಲು ಹಸಿರುಗಟ್ಟಿದ ಮೇಲೆ ತೊಟ್ಟಿಗೆ ಇಳಿಸುವುದು. ದೊರೆ ಅದನ್ನು ದಿನವಿಡೀ ಕೆರೆದು ಕೆರೆದು ತಿನ್ನುವುದು.

"ಪಾಚಿ ತಿನ್ನೋ ದೊರೆ ಎಲ್ಲಾದ್ರೂ ಉಂಟೇನೇ?" ಎಂದ ಬಿಜ್ವಿಕ್.

"ಅಪ್ಪ ಹಾಗೇ ಸಾಕಿದ್ದು."

"ನಿಮ್ಮಪ್ಪ ಮೀನು ಹಿಡಿಯೋರು. ನಾನು ಅಡಿಗೆಯವನು. ಹಿಡಿಯೋದೇ ಬೇರೆ, ಬಡಿಸೋದೇ ಬೇರೆ!"

ಅಂದೇ ಕಲ್ಲುಗಳಿಗೆಲ್ಲ ಮರಳು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಕೋಳಿಗೂಡಿನ ತಗಡು ಹಾರದಂತೆ ಮೇಲೆ ಹೇರಿದ. ಆಮೇಲೆ ರಾಜಭೋಜನದ ಚಿಂತನೆ ನಡೆಯಿತು. ಮೊಟ್ಟೆ? ನೀರು ನಾರುತ್ತದೆ. ಬ್ರೆಡ್ಡು? ಹೊಟ್ಟೆ ಉಬ್ಬುತ್ತದೆ. ನಾವೆಲ್ಲ ಉಣ್ಣುವ ನ್ಸೀಮಾ ಮುದ್ದೆ? ಛೆ, ದೊರೆಗೆ ಪ್ರಜೆಗಳ ಊಟವೇ! ಕೊನೆಗೆ ಲಾಡ್ಜಿನಿಂದ ತಂದ ದನದ ಲಿವರನ್ನು ಬೇಯಿಸಿ, ನುಣ್ಣಗೆ ಕೊಚ್ಚಿ, ಒಣಮೀನಿನ ಪುಡಿ ಬೆರೆಸಿ, ಬೆಳಿಗ್ಗೆ ಒಂದು ಚಿಟಿಕೆ ತೊಟ್ಟಿಗೆ ಉದುರಿಸಿ ಕೆಲಸಕ್ಕೆ ಹೋದ. ಸಂಜೆ ಬಂದು ನೋಡಿದರೆ ಒಂದು ಚೂರೂ ಉಳಿದಿಲ್ಲ!

ಮರುದಿನ ಚಮಚ ತುಂಬ ಹಾಕಿದ. ಅದೂ ಖಾಲಿ. ಅದರ ಮರುದಿನ ಸೌಟು. ಅದೂ ಖಾಲಿ!

"ನೋಡು, ಇಷ್ಟು ದಿನ ಪಾಪ ಹಸಿದಿದ್ದ" ಎಂದು ಬಿಜ್ವಿಕ್ ಕಣ್ಣು ಒರೆಸಿಕೊಂಡ.

"ಅಷ್ಟು ತಿಂದ್ರೂ ಮೈ ಬಂದಿಲ್ವಲ್ಲ?"

"ರಾಜವಂಶ ಕಣೇ. ಕಂಡಕಂಡವರ ಹಾಗೆ ಊದಿಕೊಳ್ಳಲ್ಲ."

ಊದಿಕೊಂಡದ್ದು ಅತ್ತೆಯ ಬೆಕ್ಕು. ಅದರ ಹೊಟ್ಟೆ ನೆಲಕ್ಕೆ ತಾಗತೊಡಗಿತ್ತು.

"ಪಾಪ, ಬಸುರಿ ಇರಬೇಕು" ಎಂದ ಬಿಜ್ವಿಕ್.

"ಗಂಡು ಬೆಕ್ಕು ಕಣ್ರೀ ಅದು!"

ಹೀಗೆ ಸುಖವಾಗಿದ್ದಾಗ ಒಂದು ದಿನ ತೊಟ್ಟಿಯಲ್ಲಿ ಹಸಿರು ಕಲ್ಲೊಂದು ಪ್ರತ್ಯಕ್ಷವಾಯಿತು. ಹಾಕಿದವರು ಯಾರೆಂದು ಕೇಳಬೇಕೇ? ಅತ್ತೆ ಬೆಳಿಗ್ಗೆ ಸರೋವರಕ್ಕೆ ನೀರಿಗೆ ಹೋಗಿದ್ದರು. ಬಿಜ್ವಿಕ್‌ನ ಪಿತ್ತ ನೆತ್ತಿಗೇರಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಆದರೆ ಕೊತ್ತಿಯೂ ಅತ್ತೆಯದೇ ಆದರೆ? ಅವನು ಮೀನಿನ ಮೊರೆ ಹೊಕ್ಕ.

"ದೊರೆಗಳೇ," ಎಂದ, ಒಳಗಿದ್ದ ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ, "ಯಾರೋ ತಮ್ಮ ಅರಮನೆಗೆ ಕೊಳಕು ಕಲ್ಲು ಹಾಕಿದಾರೆ. ಯಾರು ಅಂತ ನಾನು ಕೇಳಲ್ಲ. ನಾನು ಹಾಗೆಲ್ಲ ಕೇಳೋ ಅಳಿಯನೇ ಅಲ್ಲ!"

ಬಾಗಿಲ ಮರೆಯಿಂದ ಮೃದುವಾದ ದನಿ ಬಂತು. ಅದೂ ಮೀನಿಗೇ.

"ದೊರೆಗಳೇ, ಸರೋವರದ ಕಲ್ಲಿಗೆ ನಿಮ್ಮನ್ನ ನೋಡೋ ಆಸೆ ಆಗಿರಬೇಕು. ತವರಿಂದ ಒಬ್ಬರೂ ಬರಬಾರ್ದಾ?"

ಬಿಜ್ವಿಕ್ ಕಲ್ಲನ್ನು ತೆಗೆದ. ಮರುದಿನ ತವರಿಂದ ಇನ್ನೊಂದು ಬಂದಿತ್ತು.

ಅಷ್ಟರಲ್ಲಿ ಅತ್ತೆಗೆ ತಂಗಿಯ ಮಗಳ ಬಾಣಂತನಕ್ಕೆ ಎನ್ಕೋಟಕೋಟಾ ಊರಿಗೆ ಹೋಗಬೇಕಾಯಿತು. ಹೊರಡುವಾಗ ತೊಟ್ಟಿಯ ಮುಂದೆ ನಿಂತು, "ದೊರೆಗಳೇ, ಹೊಟ್ಟೆ ಜೋಪಾನ" ಎಂದು ಹೇಳಿ, ಬೆಕ್ಕಿನ ತಲೆ ಸವರಿ, ಬಸ್ಸು ಹತ್ತಿದರು.

"ಕೇಳಿದ್ಯಾ?" ಎಂದ ಬಿಜ್ವಿಕ್. "ದೊರೆ ಹೊಟ್ಟೆ ನೋಡ್ಕೋ ಅಂತ ನನಗೇ ಹೇಳಿ ಹೋದ್ರು!" ಎಂದು ಸೌಟಿನ ಮೇಲೊಂದು ಸೌಟು ಹಾಕಿದ. ಬೆಕ್ಕು ಕಳ್ಳ ಎಂದು ಅದಕ್ಕೆ ಹೆದರಿ ತೊಟ್ಟಿಗೆ ಹಲಗೆಯನ್ನೂ ಮುಚ್ಚಿದ.

ಮುಂದಿನದ್ದು ಹೇಳಲು ನನಗೂ ಸಂಕಟ. ನೀರು ಹಾಲು ಹಾಕಿದ ಚಹಾದಂತಾಯಿತು. ದೊರೆ ಬಲೂನಿನಂತೆ ಉಬ್ಬಿ, ತೊಟ್ಟಿಯ ಮೂಲೆಯಲ್ಲಿ ಬಾಯಿ ಬಿಡುತ್ತಾ ಒರಗಿಬಿಟ್ಟ. ನೀಲಿ ಬಣ್ಣ ಬೂದಿಯಾಗಿತ್ತು.

"ಎನೆಲೆಸ್! ದೊರೆಗೆ ಏನೋ ಆಗಿದೆ! ಅಷ್ಟು ದಿನ ಅಷ್ಟೊಂದು ತಿಂದು ಅರಗಿಸಿಕೊಂಡವನು…"

ಎನೆಲೆಸ್ ತೊಟ್ಟಿ ನೋಡಿದಳು. ಪಕ್ಕದಲ್ಲಿ ಬೆಕ್ಕು ಮ್ಯಾಂವ್ ಎಂದು ಗೋಳಾಡುತ್ತಿತ್ತು. ಅದರ ಹೊಟ್ಟೆ ಬೆನ್ನಿಗೆ ಅಂಟಿತ್ತು.

"ಅಮ್ಮ ಊರಿಗೆ ಹೋದ್ರು. ಬೆಕ್ಕು ಇಳೀತು, ಮೀನು ಉಬ್ಬಿತು. ಇನ್ನೂ ಅರ್ಥ ಆಗ್ಲಿಲ್ವಾ ಅಡಿಗೆಯವರೇ?"

ಬಿಜ್ವಿಕ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವನು ಹಾಕಿ ಹೋದದ್ದನ್ನು ಅತ್ತೆ ದಿನವೂ ಸೋಸಿ ತೆಗೆದು ಬೆಕ್ಕಿಗೆ ಹಾಕುತ್ತಿದ್ದರು!

"ಇದು ಮೀನಿಗೆ ಆಗಲ್ಲ ಅಂತ ನಂಗೆ ಒಂದು ಮಾತು ಹೇಳಬಾರ್ದಿತ್ತಾ?"

"ಅಳಿಯ ಪ್ರೀತಿಯಿಂದ ಮಾಡಿ ಹಾಕಿದ ಅಡಿಗೆನ ಅತ್ತೆ ಬೇಡ ಅನ್ನೋದುಂಟಾ? ಅಳಿಯನ ಮಾನ ಹೋಗಲ್ವಾ?"

ಬಿಜ್ವಿಕ್ ಲಾಡ್ಜಿನ ಬಿಳಿ ಅಂಗಿಯಲ್ಲೇ ಸರೋವರಕ್ಕೆ ಓಡಿದ. ಸೊಂಟದವರೆಗೆ ನೀರಿಗಿಳಿದು, ಹಸಿರು ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ಆರಿಸತೊಡಗಿದ. ದೋಣಿಯವರು ಬಿಡುತ್ತಾರೆಯೇ?

"ಏನಪ್ಪಾ ಅಡಿಗೆಯವನೇ, ಇವತ್ತು ಲಾಡ್ಜಲ್ಲಿ ಕಲ್ಲಿನ ಸಾರಾ?"

"ಬೇಯೋಕೆ ಎಷ್ಟು ಹೊತ್ತಪ್ಪಾ?"

ಅವನು ಅಂಗಿಯ ಮಡಿಲು ತುಂಬ ಕಲ್ಲು ತಂದ. ಗಂಡಸಿನ ತಲೆ ಮೇಲೆ ಕೊಡ ನೋಡಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರೂ, ಸರೋವರದ ನೀರು ಹೊತ್ತು ತಂದು ತೊಟ್ಟಿಯ ಕೊಳಕು ನೀರನ್ನು ಬದಲಿಸಿದ. ಬೇರೆ ಊಟವೆಲ್ಲ ನಿಲ್ಲಿಸಿ, ಹಸಿರು ಕಲ್ಲುಗಳನ್ನಷ್ಟೇ ತೊಟ್ಟಿಗೆ ಇಳಿಸಿದ. ಆಮೇಲೆ, ಅತ್ತೆ ಕೂರುವ ಚಾಪೆಯ ತುದಿಯಲ್ಲಿ ಕೂತು, ಅವನಿಗೇ ಗೊತ್ತಿಲ್ಲದಂತೆ ಮಾತಾಡತೊಡಗಿದ.

"ಮಾವನವರೇ, ನಾನು ಅಡಿಗೆ ಬಲ್ಲೆ ಅನ್ಕೊಂಡಿದ್ದೆ. ಏನೂ ಬಾರದು. ಇವನನ್ನ ಕರ್ಕೋಬೇಡಿ. ಅತ್ತೆ ಯಾರ ಹತ್ರ ಮಾತಾಡಬೇಕು, ಹೇಳಿ?"

ದೊರೆ ಅಲುಗಲಿಲ್ಲ. ಮರುದಿನವೂ ಅಲುಗಲಿಲ್ಲ. ಬಿಜ್ವಿಕ್ ಲಾಡ್ಜಿಗೆ ರಜೆ ಹಾಕಿ ಕೂತ. ಕೊನೆಗೊಂದು ಬೆಳಿಗ್ಗೆ ದೊರೆ ಮೆಲ್ಲಗೆ ಮೂಲೆ ಬಿಟ್ಟು ಬಂದು, ಕಲ್ಲಿಗೆ ಮೂತಿ ತಾಗಿಸಿ, ಕೆರೆಯತೊಡಗಿದ. ಬಿಜ್ವಿಕ್ ಗಾಜಿಗೆ ಹಣೆ ಒತ್ತಿ ಅತ್ತೇಬಿಟ್ಟ.

ಅತ್ತೆ ಬಂದದ್ದು ಅದೇ ವಾರ. ಬಿಜ್ವಿಕ್ ಅಂಗಳದಲ್ಲಿ ಕುಕ್ಕರಿಸಿ, ನೆಲ ನೋಡುತ್ತಾ ಚಪ್ಪಾಳೆ ತಟ್ಟಿದ. ಅವರು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಹಸಿರು ಕಲ್ಲುಗಳನ್ನು ನೋಡಿದರು, ಇನ್ನೂ ಪೂರ್ತಿ ಇಳಿಯದ ದೊರೆಯ ಹೊಟ್ಟೆಯನ್ನೂ ನೋಡಿದರು.

ಬಿಜ್ವಿಕ್‌ಗೆ ತಡೆಯಲಾಗಲಿಲ್ಲ. "ದೊರೆಗಳೇ, ತಪ್ಪಾಯ್ತು. ತಮಗೆ ಏನು ಬೇಕು ಅಂತ ಕೇಳದೆ, ನನಗೆ ಬೇಕಾದ್ದನ್ನ ಬಡಿಸಿದೆ."

ಅತ್ತೆ ಮುಖ ಬೇರೆ ಕಡೆ ತಿರುಗಿಸಿಯೇ ಹೇಳಿದರು: "ದೊರೆಗಳೇ, ಬಡಿಸೋಕೇ ಇಲ್ಲ ಅನ್ನೋ ಅಳಿಯ ಸಿಕ್ಕಿದ್ರೆ ನಮ್ಮ ಗತಿ ಏನಾಗ್ತಿತ್ತು? ಇವರು ಜಾಸ್ತಿ ಬಡಿಸೋರು. ಅದನ್ನ ತಿದ್ದಬಹುದು. ನಾನೂ ಬಾಯಿ ಬಿಟ್ಟು ಹೇಳಬೇಕಿತ್ತು. ಅಳಿಯಂದಿರು ನೊಂದುಕೊಳ್ತಾರೆ ಅಂತ ಸುಮ್ಮನಿದ್ದೆ."

ಬಿಜ್ವಿಕ್‌ನ ಕಣ್ಣು ತುಂಬಿತು. ತುಂಬಿದ ಕಣ್ಣು ಅಕಸ್ಮಾತ್ತಾಗಿ ಬೆಕ್ಕಿನ ಮೇಲೆ ಬಿತ್ತು. ಅತ್ತೆ ಬೇಡ ಅನ್ನುವವರಲ್ಲ. ಬಡಿಸಿದ್ದು ಖಾಲಿಯಾಗುತ್ತದೆ. ಹಾಗಾದರೆ…

"ದೊರೆಗಳೇ, ಕೋಪ ಮಾಡ್ಕೋಬೇಡಿ," ಎಂದ ಕ್ಷೀಣ ದನಿಯಲ್ಲಿ, "ಭಾನುವಾರದ ನನ್ನ ತಟ್ಟೆನೂ… ಬೆಕ್ಕಿಗೇ ಹೋಗ್ತಿತ್ತಾ?"

ಎನೆಲೆಸ್ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಮನೆಯ ಹಿಂದಕ್ಕೆ ಓಡಿದಳು. ಅತ್ತೆ ದೊರೆಯನ್ನೇ ನೋಡುತ್ತಾ, ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು:

"ದೊರೆಗಳೇ, ಅಳಿಯಂದಿರಿಗೆ ಹೇಳಿ. ಮೊದಲ್ನೇ ಸಲ ಬೆಕ್ಕಿಗೆ ಹಾಕಿದ್ದು ನಿಜ. ಉಪ್ಪು ಜಾಸ್ತಿ ಅಂತ ಅದು ಮೂಸಿನೂ ನೋಡಲಿಲ್ಲ. ಅವತ್ತಿಂದ ನಾನೇ ತಿಂತಾ ಇದೀನಿ, ಒಂದು ಚೂರೂ ಬಿಡದೆ."